ಹುಣಸೆ ಬೊಡ್ಡೆಯೂ ಎಂಟು ತಾಸಿನ ದುಡಿಮೆಯೂ

ಸನತ್‌ನಗರದ ನಟ್ಟು-ಬೋಲ್ಟಿನ ಕಾರ್ಖಾನೆಯೊಂದು ನನಗೆ ಹದಿನೇಳು ದಿನಗಳ ಕೂಲಿ ಇನ್ನೂ ಕೊಡಬೇಕು. ಎಪ್ಪತ್ತೊಂಬತ್ತರ ಲಾಕೌಟಿನ ಕಾಲದ್ದು. ಕಾರ್ಖಾನೆ ಮುಚ್ಚಿತು, ಮಾಲೀಕ ಸತ್ತ, ಆ ಜಾಗದಲ್ಲಿ ಈಗ ಮದುವೆ ಮಂಟಪ ಎದ್ದಿದೆ. ನಾನು ಮಾತ್ರ ಬೇಡಿಕೆ ಹಿಂದಕ್ಕೆ ತೆಗೆದುಕೊಂಡಿಲ್ಲ. (ಆ ಮಂಟಪಕ್ಕೆ ಯಾರಾದರೂ ಊಟಕ್ಕೆ ಕರೆದರೆ ಎರಡು ಹೋಳಿಗೆ ಹೆಚ್ಚು ಹಾಕಿಸಿಕೊಂಡು ಬರುತ್ತೇನೆ. ಅದು ಬಡ್ಡಿ.)

ಹಿಡಿದದ್ದನ್ನು ಬಿಡದ ಜಾತಿಯವನು ನಾನು ಎಂದು ನಿಮಗೆ ಗೊತ್ತಿರಲಿ ಎಂದೇ ಇದನ್ನು ಮೊದಲು ಹೇಳಿದೆ. ನನಗಿಂತ ಹಟಮಾರಿಗಳನ್ನು ಈ ಭೂಮಿಯ ಮೇಲೆ ಎರಡೇ ಕಂಡಿದ್ದೇನೆ. ಒಂದು, ನನ್ನ ಹೆಂಡತಿ ಶಿವದೇವಿ. ಇನ್ನೊಂದು, ಸಿಕಂದರಾಬಾದ್ ಬದಿಯ ಮಲ್ಕಾಜ್‌ಗಿರಿಯ ನಮ್ಮ ಮನೆಯ ಗೇಟಿನೊಳಗೆ, ಸರಿಯಾಗಿ ನಡು ಹಾದಿಯಲ್ಲಿ ಕೂತಿದ್ದ ಹುಣಸೆ ಮರದ ಬೊಡ್ಡೆ.

ಮರ ಬಿದ್ದು ಎರಡು ವರ್ಷವಾಗಿತ್ತು. ಕಟ್ಟಿಗೆಯವನು ಮೊಳಕಾಲೆತ್ತರಕ್ಕೆ ಕೊಯ್ದು ಹೊರಿಸಿಕೊಂಡು ಹೋದ. ಉಳಿದ ಬೊಡ್ಡೆ ನಾಲ್ಕು ಮಂದಿ ಕೂತು ಚಹಾ ಕುಡಿಯುವಷ್ಟು ಅಗಲವಿತ್ತು. ನಾನಂತೂ ಅದನ್ನು ಸಭಾವೇದಿಕೆ ಮಾಡಿಕೊಂಡಿದ್ದೆ. ಸಂಜೆಯಾದರೆ ಅದರ ಮೇಲೆ ನಿಂತು ಓಣಿಯ ರೈಲ್ವೆ ನೌಕರರಿಗೆ ದೇಶದ ಸ್ಥಿತಿಗತಿ ತಿಳಿಸುತ್ತಿದ್ದೆ. ಶಿವದೇವಿ ಕಿಟಕಿಯಿಂದ, "ಕೇಳವರು ಎದ್ದು ಹೋಗಿ ಅರ್ಧ ತಾಸು ಆತು. ಇಳದು ಒಳಗ ಬರ್ರಿ" ಎಂದು ಸಭೆಯನ್ನು ಮುಕ್ತಾಯಗೊಳಿಸುತ್ತಿದ್ದಳು.

ಬೊಡ್ಡೆ ತೆಗೆಸಲು ನಾನು ಪ್ರಯತ್ನಪಡಲಿಲ್ಲ ಎಂದು ಯಾರೂ ಹೇಳುವಂತಿಲ್ಲ. ಒಂದು ಭಾನುವಾರ ಕಾರ್ಖಾನೆಯ ಹಳೆಯ ಸಂಗಾತಿಗಳನ್ನು ಶ್ರಮದಾನಕ್ಕೆ ಕರೆದೆ. ಐವರು ಬಂದರು. ಮೂರು ಸುತ್ತು ಚಹಾ, ಒಂದು ಬುಟ್ಟಿ ಮಿರ್ಚಿ ಭಜಿ ಆಯಿತು. ಹಾರೆ ಎತ್ತಿದವನಿಗೆ ಸೊಂಟ ಹಿಡಿಯಿತು. ಕೊನೆಗೆ ಬೊಡ್ಡೆಯ ಮೊಂಡುತನವನ್ನು ಉಗ್ರವಾಗಿ ಖಂಡಿಸುವ ನಿರ್ಣಯವನ್ನು ಸರ್ವಾನುಮತದಿಂದ ಅಂಗೀಕರಿಸಿ ಎದ್ದು ಹೋದರು.

ಈಗ ಶಿವದೇವಿಯ ಸಂಗತಿ. ನಮ್ಮ ಜೋಳದ ಸೀಮೆ ಬಿಟ್ಟು ಈ ಊರಿಗೆ ಬಂದ ದಿನದಿಂದ ಆಕೆಗೆ ಒಂದೇ ಕೊರಗು, ಜೋಳದ ಹಿಟ್ಟು. ನಮ್ಮ ಓಣಿಯ ಗಿರಣಿಯವನು ಕಡಲೆ ಬೀಸಿದ ಕಲ್ಲಿನಲ್ಲೇ ಜೋಳ ಬೀಸುತ್ತಿದ್ದ. ಒಮ್ಮೊಮ್ಮೆ ಮೆಣಸಿನಕಾಯಿ ಬೀಸಿದ ಕಲ್ಲಿನಲ್ಲಿ. ಅಂಥ ಹಿಟ್ಟಿನ ರೊಟ್ಟಿ ಹೆಂಚಿನ ಮೇಲೆ ನಾಲ್ಕು ಹೋಳಾಗುತ್ತಿತ್ತು, ತಿಂದವರು ಸೀನುತ್ತಿದ್ದರು. "ಇಪ್ಪತ್ತೆಂಟು ವರ್ಷ ಹರಕ ರೊಟ್ಟಿ ತಿನಿಸೀನಿ ನಿಮಗ. ಸಾಯೂದ್ರಾಗ ಒಂದು ಗಿರಣಿ ಹಾಕ್ತೀನಿ. ಬರೇ ಜೋಳದ್ದು" ಎಂದಳು. ಹಪ್ಪಳ, ಶೇಂಗಾ ಚಟ್ನಿ ಮಾರಿ ಕೂಡಿಟ್ಟಿದ್ದಳು. ಗಿರಣಿ ಕೊಂಡಳು. ಮುಂದಿನ ಕೋಣೆಗೆ ಕರೆಂಟಿನ ಲೈನು ಎಳೆಸಿದಳು. ಬೀಸುವ ಕೆಲಸಕ್ಕೆ ಸೂಗಪ್ಪ ಎಂಬವನನ್ನು ಗೊತ್ತು ಮಾಡಿ, ಅವನಿಗೆ ಕೊಡಬೇಕಾದ ಮೊದಲ ತಿಂಗಳ ಸಂಬಳವನ್ನು ಮುಂಚಿತವಾಗಿ ಸಾಸಿವೆ ಡಬ್ಬಿಯಲ್ಲಿ ತೆಗೆದಿಟ್ಟಳು. ಇಪ್ಪತ್ತೆರಡು ಮನೆಗಳವರಿಗೆ ಮಾತು ಕೊಟ್ಟಳು.

ಮೂರು ಕ್ವಿಂಟಾಲಿನ ಗಿರಣಿ ಟೆಂಪೋದಲ್ಲಿ ಬರುವುದು ಮಣ್ಣೆತ್ತಿನ ಅಮಾವಾಸ್ಯೆಯ ದಿನ ನಾಲ್ಕು ಗಂಟೆಗೆ ಎಂದು ನಿಕ್ಕಿಯಾಯಿತು. ಮರುದಿನದಿಂದ ಆಷಾಢ. ಆಷಾಢದಲ್ಲಿ ಹೊಸ ಗಿರಣಿಗೆ ಕುಂಕುಮ ಹಚ್ಚುವವಳಲ್ಲ ನನ್ನ ಹೆಂಡತಿ. ಅಂದರೆ ಅಂದು ಹೊತ್ತು ಮುಳುಗುವುದರೊಳಗೆ ಗಿರಣಿ ಒಳಗೆ ಹೋಗಬೇಕು, ಇಲ್ಲವೇ ಒಂದು ತಿಂಗಳು ಟೆಂಪೋದವನ ಗೋದಾಮಿನಲ್ಲಿ ಬಾಡಿಗೆಗೆ ಕೂಡಬೇಕು. ನಡುವೆ ಇದ್ದದ್ದು ಬೊಡ್ಡೆ.

"ಜೆಸಿಬಿ ಹೇಳೀನಿ" ಎಂದಳು. "ತಾಸಿಗೆ ನಾಕು ನೂರು. ಎರಡು ತಾಸಿನ ಕೆಲಸ ಅಂದಾನ ಓನರು."

ಅಮಾವಾಸ್ಯೆಯ ಬೆಳಿಗ್ಗೆ ಒಂಬತ್ತಕ್ಕೆ ಆ ಹಳದಿ ರಾಕ್ಷಸ ಓಣಿಗೆ ಬಂತು. ಓಡಿಸುವವನು ಮಲ್ಲಣ್ಣ ಎಂಬ ಮೂವತ್ತರ ಆಳು. ಗಡಿಯ ನಾರಾಯಣಪೇಟೆ ಕಡೆಯವನು, ಹೀಗಾಗಿ ಕನ್ನಡ ಬಲ್ಲವನು. ಕಣ್ಣು ಕೆಂಡದಂತಿದ್ದವು. ಶಿವದೇವಿ ಕಾಯಿ, ಮಾವಿನೆಲೆ ತರಲು ಚೀಲ ಹಿಡಿದು ಹೊರಟವಳು ನನ್ನನ್ನು ಪಕ್ಕಕ್ಕೆ ಕರೆದಳು.

"ಅವಗ ಮಜ್ಜಿಗಿ ಕೊಡ್ರಿ. ಮಾತು ಮಾತ್ರ ಕೊಡಬ್ಯಾಡ್ರಿ."

"ನಾ ಏನು ಮಾತಾಡ್ತೀನಿ?"

"ಅದನ್ನ ಮೂವತ್ತು ವರ್ಷದಿಂದ ನಾನೂ ಕೇಳಾಕತ್ತೀನಿ" ಎಂದು ಹೋದಳು.

ಮಲ್ಲಣ್ಣ ಓಣಿಯಲ್ಲಿ ಗಾಡಿ ನಿಲ್ಲಿಸಿ, ಅದರ ಹಿಂದಿನ ಉದ್ದ ಕೈಯನ್ನು ಗೇಟಿನೊಳಗೆ ಚಾಚಿದ. ಸುತ್ತ ಮಣ್ಣು ತೋಡಿದ. ತೊಡೆ ಗಾತ್ರದ ಬೇರು ಎರಡು ತುಂಡಾದವು. ಮೂರನೆಯದು ಎಲ್ಲಿಗೆ ಹೋಗಿತ್ತೋ, ಪ್ರಾಯಶಃ ಸಿಕಂದರಾಬಾದ್ ಸ್ಟೇಷನ್ನಿಗೆ. ಬಕೆಟ್ಟಿನ ಹಲ್ಲು ಸಿಕ್ಕಿಸಿ ಎತ್ತಿದರೆ ಬೊಡ್ಡೆ ಏಳಲಿಲ್ಲ, ಗಾಡಿಯ ಮೂತಿಯೇ ಮೇಲಕ್ಕೆ ಎದ್ದಿತು. ಮತ್ತೆ ಎತ್ತಿದ. ಮತ್ತೆ ಮೂತಿ ಎದ್ದಿತು. ಮೊಂಡ ಎತ್ತಿನ ಮುಂದೆ ಕುದುರೆ ಹಿಂಗಾಲಲ್ಲಿ ನಿಂತು ಅತ್ತಂತಿತ್ತು. ಒಂದೂವರೆ ತಾಸಿಗೆ ಬೊಡ್ಡೆ ಒಂದು ಕಡೆ ವಾಲಿ, ಅರ್ಧ ಹಲ್ಲು ಕಿತ್ತ ಮುದುಕಿಯಂತೆ ನಕ್ಕಿತು. ಮಲ್ಲಣ್ಣ ಇಂಜಿನ್ ಸಣ್ಣದು ಮಾಡಿ ಬೆವರು ಒರೆಸಿಕೊಂಡ. ನಾನು ಮಜ್ಜಿಗೆ ಕೊಟ್ಟೆ.

ಅಲ್ಲಿಗೆ ನಿಲ್ಲಿಸಿದ್ದರೆ ಈ ಕಥೆ ಇರುತ್ತಿರಲಿಲ್ಲ. ಆದರೆ ಬಾಯಿ ಇದೆಯಲ್ಲ. ಒಂದೇ ಒಂದು ಪ್ರಶ್ನೆ ಜಾರಿತು.

"ಎಷ್ಟಕ್ಕ ಗಾಡಿ ಹತ್ತೀಯೋ ತಮ್ಮಾ?"

"ರಾತ್ರಿ ಎರಡೂವರಿಗಿ, ಕಾಕಾ. ದಿಲ್‌ಸುಖ್‌ನಗರದಾಗ ಒಂದು ಪಾಯಾ ತೋಡಿ, ಅಲ್ಲಿಂದ ಸೀದಾ ಇಲ್ಲಿಗೆ ಬಂದೀನಿ."

"ಊಟ?"

"ಇದೇ ಮಜ್ಜಿಗಿ."

"ಭತ್ಯೆ?"

"ಮೂರು ವಾರದಿಂದ ನಾಳಿ ಅಂತಾನ ಓನರು."

ಓದುಗರೇ, ನನ್ನ ಮೈಯಲ್ಲಿ ಮುಷ್ಕರ ಹೂಡಿ ಚಂಚಲಗೂಡ ಜೈಲಿನಲ್ಲಿ ಒಂಬತ್ತು ದಿನ ಕುದಿದ ರಕ್ತ ಇನ್ನೂ ಇದೆ. ಅದು ಆ ಕ್ಷಣ ಕುದಿಯಿತು. ಗೋಡೆಯ ಕ್ಯಾಲೆಂಡರಿನಿಂದ ಹೋದ ತಿಂಗಳ ಹಾಳೆ ಹರಿದು, ಅದರ ಬೆನ್ನ ಮೇಲೆ ಬೇಡಿಕೆಗಳನ್ನು ಬರೆದೆ. ಒಂದು, ಎಂಟು ತಾಸಿಗಿಂತ ಹೆಚ್ಚು ದುಡಿಸಬಾರದು, ಬದಲಿ ಆಳು ಕಳಿಸಬೇಕು. ಎರಡು, ಊಟಕ್ಕೆ ಒಂದು ತಾಸು ಬಿಡುವು. ಮೂರು, ಬಾಕಿ ಭತ್ಯೆ ಕೂಡಲೇ. ಆಮೇಲೆ ಹೋರಾಟದ ಚರಿತ್ರೆಯನ್ನು ಚಿಕ್ಕದಾಗಿ ಹೇಳಿದೆ. (ಚಿಕ್ಕದಾಗಿ ಎಂದರೆ ಎರಡು ಲೋಟ ಮಜ್ಜಿಗೆಯಷ್ಟು.)

"ಮಾಲಕ ನಿನಗೇನಂತಾನ ಗೊತ್ತೇನು? ನಾವೆಲ್ಲ ಒಂದೇ ಮನಿ ಮಂದಿ ಅಂತಾನ. ಹಂಗಂದವನನ್ನ ನಂಬಬ್ಯಾಡ. ನಾಳಿ ಅಂತಾನ. ನಾಳಿ ಅನ್ನೂದು ಮಾಲಕರ ಕ್ಯಾಲೆಂಡರಿನಾಗ ಇಲ್ಲ. ಅನ್ಯಾಯ ಎಲ್ಲಿ ಕಣ್ಣಿಗಿ ಬೀಳ್ತದೋ ಅಲ್ಲೇ, ಆವಾಗಲೇ ನಿಲ್ಲಬೇಕು."

"ಅವ ಕೇಳಲಿಲ್ಲಂದ್ರ?"

"ಇಂಜಿನ್ ಬಂದ್. ಕೀಲಿ ಕಿಸೇದಾಗ."

ಮಲ್ಲಣ್ಣ ಕೈಗಡಿಯಾರ ನೋಡಿಕೊಂಡ. ಬೆರಳು ಮಡಚಿ ಎಣಿಸಿದ. ಗಾಡಿ ಹತ್ತಿದ. ಇಂಜಿನ್ ಬಂದ್ ಆಯಿತು. ಕೀಲಿ ತೆಗೆದು ಕಿಸೆಗೆ ಹಾಕಿಕೊಂಡು ಇಳಿದು ಬಂದು, ವಾಲಿದ ಬೊಡ್ಡೆಯ ಮೇಲೆ, ಅದೂ ನನ್ನ ಜಾಗದಲ್ಲಿ, ಕೂತ.

"ಇದೇನೋ?"

"ಎಂಟು ತಾಸು ಆತು ಕಾಕಾ."

"ಅಯ್ಯ, ನಾ ಹೇಳಿದ್ದು ಈಗ ಅಂತ ಅಲ್ಲೋ. ಇಲ್ಲಿ ಅಂತೂ ಅಲ್ಲವೇ ಅಲ್ಲ!"

"ಅಲ್ಲೇ, ಆವಾಗಲೇ ಅಂದಿಯಲ್ಲ."

ನಾನು ಒಳಗೆ ಓಡಿ ಓನರಿಗೆ ಫೋನು ಮಾಡಿದೆ. ಕಾರ್ಮಿಕರ ಪರವಾಗಿ ಗಂಭೀರವಾಗಿ ಆರಂಭಿಸಿದೆ. ಆತ ಕೇಳಿ, "ಕ್ಯಾ ಜೀ, ಮೇರೆ ಡ್ರೈವರ್ ಕೋ ಬಿಗಾಡ್ ದಿಯೇ ಕ್ಯಾ?" ಎಂದು, ನನ್ನ ಡ್ರೈವರನ್ನು ಕೆಡಿಸಿಬಿಟ್ಟಿರಾ ಎಂಬಂತೆ, ನಕ್ಕ. ಗಾಡಿ ನಿಮ್ಮ ಬಾಗಿಲಲ್ಲಿ ನಿಂತಿದ್ದರೂ ತಾಸಿಗೆ ನಾಲ್ಕು ನೂರು ಓಡುತ್ತಲೇ ಇರುತ್ತದೆ, ನಿಮ್ಮ ಭಾಷಣ ಸಾವಕಾಶ ಮುಗಿಸಿರಿ ಎಂದು ಫೋನು ಇಟ್ಟ.

ಆಗ ನನಗೆ ಹೊಳೆದದ್ದು: ಈ ಮುಷ್ಕರದಲ್ಲಿ ಸಂಘದ ಮುಖಂಡ ನಾನೇ, ನಷ್ಟ ಅನುಭವಿಸುವ ಆಡಳಿತವರ್ಗವೂ ನಾನೇ. ಹೊರಗೆ ಬಂದು ಮಲ್ಲಣ್ಣನ ಹೆಗಲ ಮೇಲೆ ಕೈಯಿಟ್ಟೆ.

"ನೋಡು ತಮ್ಮಾ, ನೀ ಏನು ಹೊರಗಿನವನಾ? ನಾವೆಲ್ಲ ಒಂದೇ ಮನಿ ಮಂದಿ..."

ಮಲ್ಲಣ್ಣ ತಲೆಯೆತ್ತಿ ನೋಡಿದ. ಎಪ್ಪತ್ತೊಂಬತ್ತರಲ್ಲಿ ನಮ್ಮ ಮ್ಯಾನೇಜರ ಇದೇ ಮಾತನ್ನು ಇದೇ ರಾಗದಲ್ಲಿ ಹೇಳಿದಾಗ ನಾನು ಅವನನ್ನು ನೋಡಿದ್ದೂ ಹೀಗೆಯೇ. ಕೈ ತೆಗೆದೆ.

ಹನ್ನೊಂದೂಕಾಲಿಗೆ ಶಿವದೇವಿ ಬಂದಳು. ಒಂದು ಕೈಯಲ್ಲಿ ಮಾವಿನ ತೋರಣ, ಇನ್ನೊಂದರಲ್ಲಿ ಕಾಯಿ. ನಿಂತ ಗಾಡಿ, ಕೂತ ಮಲ್ಲಣ್ಣ, ಗೋಡೆಗೆ ಒರಗಿದ ನಾನು.

"ಕೆಟ್ಟೈತೇನು ಗಾಡಿ?"

"ಗಾಡಿಗೇನಾಗಿಲ್ಲ. ಅವ ಮುಷ್ಕರ ಹೂಡ್ಯಾನ."

"ಇಷ್ಟೊತ್ತನಕ ಸುಮ್ಮನ ಕೆಲಸ ಮಾಡಾಕತ್ತಿದ್ದ. ಕಲಿಸಿದವರು ಯಾರು?"

ನಾನು ಆಕಾಶ ನೋಡಿದೆ. ಕ್ಯಾಲೆಂಡರಿನ ಹಾಳೆ ನೋಡಿ ಆಕೆ ನನ್ನ ಅಕ್ಷರ ಗುರುತು ಹಿಡಿದಳು. ಕಣ್ಣಲ್ಲಿ ನೀರು ಬಂತು. ಕಾಯಿಯನ್ನು ನನ್ನ ತಲೆಗೆ ಒಡೆಯುತ್ತಾಳೆ ಎಂದು ಕಾದೆ. ಅದಾದರೂ ಸಹಿಸಬಹುದಿತ್ತು. ಆಕೆ ಮೆಲ್ಲಗೆ ಹೇಳಿದಳು: "ನಿಮ್ಮ ಹದಿನಾರು ಮುಷ್ಕರಕ್ಕ ರೊಟ್ಟಿ ಬಡದು ಕಳಿಸೀನಿ. ಒಂದಿನಾನೂ ಅಡ್ಡ ಬಂದಿಲ್ಲ. ನಂದು ಒಂದೇ ಒಂದು ಕೆಲಸ ಇತ್ತಲ್ರಿ."

ಪೊಲೀಸರ ಲಾಠಿಗೆ ನಾನು ಇಷ್ಟು ಕುಗ್ಗಿದವನಲ್ಲ.

ಮೂಗು ಸೆರಗಿಗೆ ಒರೆಸಿಕೊಂಡು ಆಕೆ ಹಾಳೆಯನ್ನು ಇನ್ನೊಮ್ಮೆ, ಸಾವಕಾಶ, ಓದಿದಳು. "ರಾತ್ರಿ ಎರಡೂವರಿಯಿಂದ ಊಟ ಇಲ್ಲೇನೋ?"

"ಇಲ್ಲಮ್ಮ."

"ಮದಲ ಅದನ್ನ ಹೇಳೂದು ಬಿಟ್ಟು ಚರಿತ್ರಿ ಹೇಳ್ಯಾರ ಇವರು. ಕೈ ತೊಳಿ."

ರೊಟ್ಟಿ, ಪುಂಡಿಪಲ್ಯ, ಶೇಂಗಾ ಚಟ್ನಿ ಇಟ್ಟಳು. ಅವನು ಉಣ್ಣುತ್ತಿರುವಾಗ ಹೊರಗೆ ಬಂದು, ಗೇಟಿನ ಎರಡೂ ಬಾಗಿಲನ್ನು ಜೆಸಿಬಿಯ ಕೈಗೆ ತಾಗುವ ತನಕ ಎಳೆದು, ಸರಪಳಿ ಸುತ್ತಿ, ದೊಡ್ಡ ಬೀಗ ಜಡಿದು ಫೋನಿನ ಬಳಿ ಹೋದಳು.

"ನಮಸ್ಕಾರ ಓನರ್ ಸಾಬ್. ಆಪ್ ಕಾ ಗಾಡಿ ಕಾ ಹಾತ್ ಹಮಾರೇ ಘರ್ ಮೇ ಹೈ. ತಾಲಾ ಡಾಲ್ ದಿಯಾ ಮೈ. ಕಲ್ ಸೇ ಆಷಾಢ್, ಏಕ್ ಮಹೀನಾ ತಾಲಾ ನೈ ಖೋಲ್ತೀ."

ಗಾಡಿಯ ಕೈಗೆ ಬೀಗ ಬಿದ್ದಿದೆ, ಆಷಾಢ ಮುಗಿಯುವ ತನಕ ತೆಗೆಯುವುದಿಲ್ಲ ಎಂದು ಇಡೀ ಜೆಸಿಬಿಯನ್ನೇ ಘೇರಾವ್ ಮಾಡಿದ್ದಳು! ನಾಲ್ಕೇ ನಿಮಿಷ. ಬದಲಿ ಆಳು ಬರುತ್ತಾನೆ, ಅವನ ಕೈಯಲ್ಲೇ ಮೂರು ವಾರದ ಭತ್ಯೆ ಬರುತ್ತದೆ, ಊಟದ ಬಿಡುವು ಒಪ್ಪಿಗೆ. ಓನರು ಒಂದಕ್ಕೇ ಪಟ್ಟು ಹಿಡಿದ: ಬದಲಿಯವನು ಒಂದಕ್ಕೆ ಬರುವ ತನಕ ಗಾಡಿ ಸುಮ್ಮನೆ ನಿಲ್ಲುವ ಎರಡೂವರೆ ತಾಸಿನ ಬಾಡಿಗೆ ಮನೆಯವರದು. "ಅದು ನ್ಯಾಯ ಐತಿ" ಎಂದು ಆಕೆ ಒಪ್ಪಿದಳು. ನನ್ನ ಕಡೆ ಒಂದು ಸಲ ನೋಡಿಯೇ ಒಪ್ಪಿದಳು.

ಒಂದು ಗಂಟೆಗೆ ಬದಲಿಯವನು ಬಂದ. ಮಲ್ಲಣ್ಣ ಭತ್ಯೆ ಎಣಿಸಿಕೊಂಡು ನಮ್ಮ ಪಡಸಾಲೆಯಲ್ಲಿ ಮಲಗಿದ. ಶಿವದೇವಿ ಫ್ಯಾನನ್ನು ಅವನ ಕಡೆ ತಿರುಗಿಸಿದಳು. ಮೂರಕ್ಕೆ ಆ ಮೂರನೆಯ ಬೇರು ಗುಂಡು ಹಾರಿದ ಸದ್ದಿನೊಂದಿಗೆ ತುಂಡಾಗಿ, ಬೊಡ್ಡೆ ಬುಡಸಮೇತ ಎದ್ದು ಗಾಳಿಯಲ್ಲಿ ತೂಗಿತು. ಓಣಿಯೇ ಚಪ್ಪಾಳೆ ತಟ್ಟಿತು. ಮಲ್ಲಣ್ಣ ಮಗ್ಗಲು ಬದಲಿಸಿದ, ಏಳಲಿಲ್ಲ. ಕುಣಿಗೆ ಮಣ್ಣು ತುಂಬಿ ಬಡಿದರು. ನಾಲ್ಕಕ್ಕೆ ಟೆಂಪೋ ಹಿಮ್ಮುಖವಾಗಿ ಒಳಗೆ ಬಂತು. ಹೊತ್ತು ಮುಳುಗಲು ಅರ್ಧ ತಾಸು ಇರುವಾಗ ಗಿರಣಿಗೆ ಕುಂಕುಮ ಬಿತ್ತು, ಕಾಯಿ ಒಡೆಯಿತು, ಬೆಲ್ಟು ತಿರುಗಿತು. ಶಿವದೇವಿ ಮೊದಲ ಹಿಡಿ ಹಿಟ್ಟನ್ನು ನನ್ನ ಅಂಗೈಗೆ ಹಾಕಿದಳು. ಬೆಚ್ಚಗಿತ್ತು. ಅಷ್ಟೇ ಹೇಳುತ್ತೇನೆ, ಅದಕ್ಕಿಂತ ಹೆಚ್ಚು ಹೇಳುವುದು ನನ್ನ ಜಾಯಮಾನವಲ್ಲ.

"ಹಿಡೀರಿ ಸರಿಯಾಗಿ, ಚೆಲ್ಲಬ್ಯಾಡ್ರಿ" ಎಂದಳು. "ನಾಳಿಯಿಂದ ನೀವ ಹಿಡಿಯೂದು."

"ಸೂಗಪ್ಪ ಎಲ್ಲಿ?"

"ಸೂಗಪ್ಪನ ಸಂಬಳ ಗಾಡಿ ಬಾಡಿಗಿಗೆ ಹೋತು. ಎರಡೂವರಿ ತಾಸು ನಿಮ್ಮ ಭಾಷಣಕ್ಕ ಗಾಡಿ ನಿಂತಿತ್ತಲ್ಲ, ಅದಕ್ಕ."

ಇದಾಗಿ ಐದು ತಿಂಗಳು. ಬೆಳಿಗ್ಗೆ ಏಳರಿಂದ ಸಂಜೆ ಏಳರ ತನಕ ನಾನು ಗಿರಣಿಯ ಆಳು. ಹುಬ್ಬು, ಮೀಸೆ, ರೆಪ್ಪೆ ಎಲ್ಲ ಬಿಳಿ. ಇಪ್ಪತ್ತೆರಡು ಮನೆ ಅರವತ್ತಾಗಿವೆ. ವಾರದ ರಜೆ ಇಲ್ಲ. ಬದಲಿ ಆಳಿಲ್ಲ. ರೊಟ್ಟಿ ಮಾತ್ರ ಒಂದೂ ಹರಿಯುವುದಿಲ್ಲ, ಅದನ್ನು ಒಪ್ಪಿಕೊಳ್ಳಲೇಬೇಕು.

ಹೋದ ವಾರ ಬೇಡಿಕೆಪಟ್ಟಿ ಬರೆದು ಮಾಲೀಕಳ ಮುಂದೆ ಇಟ್ಟೆ. ಆಕೆ ಓದಿ, ಮಡಚಿ, ತಕ್ಕಡಿಯ ಕೆಳಗೆ ಇಟ್ಟು ಹೇಳಿದಳು: "ಒಬ್ಬ ಆಳಿನ ಜೋಡಿ ನಾ ಮಾತಿಗಿ ಕೂಡಂಗಿಲ್ಲ. ಸಂಘ ಬರೆಸಾಕ ಏಳು ಮಂದಿ ಬೇಕು ಅಂತ ಕಾಯಿದಿ ಹೇಳಿದವರು ನೀವ. ಏಳು ಮಂದಿ ಸಹಿ ತರ್ರಿ, ಆಮ್ಯಾಲ ನೋಡೋಣು. ಈಗ ಆ ಡಬ್ಬಿ ಯಾರದು, ಬೀಸ್ರಿ."

ಆದ್ದರಿಂದ ನಿಮಗೆ ನೇರವಾಗಿ ಕೇಳುತ್ತಿದ್ದೇನೆ. ಹೆಂಡತಿಯ ಕೈಕೆಳಗೆ ಎಂಟು ತಾಸಿಗಿಂತ ಹೆಚ್ಚು ದುಡಿಯುತ್ತಿರುವ ಗಂಡಸರು ನಿಮ್ಮಲ್ಲಿ ಇದ್ದೀರಿ. ಇಲ್ಲ ಎಂದು ಸುಳ್ಳು ಹೇಳಬೇಡಿ. ನಾನೊಬ್ಬ ಸಹಿ ಹಾಕಿದ್ದೇನೆ, ಇನ್ನು ಆರು ಬೇಕು. ನಕ್ಕು ಪುಟ ತಿರುವುವ ಮೊದಲು ಒಂದು ಮಾತು ಹೇಳಿ: ಬಂದು ಸಹಿ ಹಾಕುತ್ತೀರೋ, ಇಲ್ಲವೋ? ಬರುವಾಗ ಖಾಲಿ ಕೈಯಲ್ಲಿ ಬನ್ನಿ. ಜೋಳದ ಡಬ್ಬಿ ತಂದಿರೋ, ಬೀಸುವವನು ನಾನೇ.