ಸಾವಕಾರರ ಗಾಳಿಯಂತ್ರದ ಪೂಜೆ

ನನಗೆ ನಾಚಿಕೆ ಯಾವಾಗಲೂ ತಡವಾಗಿ ಆಗುತ್ತದೆ. ಅಂಗಿಯನ್ನು ಉಲ್ಟಾ ತೊಟ್ಟು ಆಫೀಸಿಗೆ ಹೋದ ದಿನ ಎಲ್ಲರೂ ನಕ್ಕರೆ ನಾನೂ ಅವರ ಜೊತೆ ನಗುತ್ತೇನೆ. ಸಂಜೆ ಹೆಂಡತಿ ತೋರಿಸಿಕೊಟ್ಟ ಮೇಲೆ ರೊಟ್ಟಿ ಗಂಟಲಲ್ಲಿ ಇಳಿಯುವುದಿಲ್ಲ. ಆದರೆ ಸಾತಾರಾದ ಆಚೆಗಿನ ಆ ಗುಡ್ಡದ ಮೇಲೆ ಮಾತ್ರ ಅದು ಹೇಳಿ ಕರೆಸಿದ ಹಾಗೆ ಸರಿಯಾದ ಹೊತ್ತಿಗೆ ಬಂತು.

ಆಗ ನಾನು ಪುಣೆ ಹತ್ತಿರದ ಚಿಂಚವಾಡದಲ್ಲಿ ನಮ್ಮ ವಿಜಾಪುರ ಕಡೆಯ ಸಿದ್ರಾಮಪ್ಪ ಸಾವಕಾರರ ಕಾರಖಾನೆಯಲ್ಲಿ ಲೆಕ್ಕ ಬರೆಯುತ್ತಿದ್ದೆ. ನಟ್ಟು ಬೋಲ್ಟುಗಳ ದಂಧೆ ಚೆನ್ನಾಗಿ ನಡೆದು ಸಾವಕಾರರಿಗೆ ಲಾಭದ ಜೊತೆ ತೆರಿಗೆಯ ಚಿಂತೆಯೂ ಹೆಚ್ಚಿತ್ತು. ಗಾಳಿಯಿಂದ ವಿದ್ಯುತ್ ಮಾಡುವವರಿಗೆ ಸರಕಾರ ಒಂದು ಸೌಲಭ್ಯ ಕೊಟ್ಟಿತ್ತು: ಯಂತ್ರ ಕೊಂಡ ವರ್ಷವೇ ಅದು ಬಹುಪಾಲು ಸವೆದುಹೋಯಿತೆಂದು ಲೆಕ್ಕದಲ್ಲಿ ತೋರಿಸಿ ತೆರಿಗೆ ಉಳಿಸಬಹುದು. ಒಂದು ಸುತ್ತೂ ತಿರುಗದ ಯಂತ್ರ ಸವೆಯುವುದು ಹೇಗೆ ಎಂದು ನಾನು ಕೇಳಲಿಲ್ಲ. "ತಗೊಂಡುಬಿಡ್ರಿ ಸಾವಕಾರ್ರ, ದೇಶಸೇವಾನೂ ಆಗ್ತದ" ಎಂದೆ. ದೇಶಸೇವೆಯ ಮಾತು ಹೇಳುವಾಗ ನನ್ನ ದನಿ ತಾನಾಗಿಯೇ ದಪ್ಪವಾಗುತ್ತದೆ.

ಸಾವಕಾರರು ಕೊಂಡ ಯಂತ್ರವನ್ನು ಆ ಗುಡ್ಡದ ಮೇಲೆ ನಿಲ್ಲಿಸಿ ಬಹಳ ತಿಂಗಳಾದ ಮೇಲೆ ಸಾವಕಾರರ ಹೆಂಡತಿ ಶಾಂತಕ್ಕನವರಿಗೆ ಅದಕ್ಕಿನ್ನೂ ಪೂಜೆಯಾಗಿಲ್ಲವೆಂಬುದು ನೆನಪಾಯಿತು. ಒಂದು ರವಿವಾರ ಕಾರಿನಲ್ಲಿ ಹೊರಟೆವು. ಗುಡ್ಡ ಹತ್ತಿ ನೋಡಿದರೆ ಕಣ್ಣು ಹಾಯ್ದಷ್ಟು ದೂರ ಬಿಳಿಯ ಕಂಬಗಳು, ಎಲ್ಲವೂ ಒಂದೇ ತರಹ, ಅವಳಿಜವಳಿಗಳ ಜಾತ್ರೆ.

"ದೇಸಾಯರ, ನಮ್ಮದ್ಯಾವ್ದ್ರಿ?" ಸಾವಕಾರರು ನನ್ನನ್ನು ಕೇಳಿದರು.

ಕಾಗದಪತ್ರವೆಲ್ಲ ಮಾಡಿದವನು ನಾನು. ಗೊತ್ತಿಲ್ಲ ಎನ್ನುವುದು ಹೇಗೆ? ಎಲ್ಲಕ್ಕಿಂತ ಹುರುಪಿನಿಂದ ತಿರುಗುತ್ತಿದ್ದ ಒಂದನ್ನು ತೋರಿಸಿ, "ಅದೇ ನೋಡ್ರಿ" ಎಂದೆ.

ಶಾಂತಕ್ಕನವರು ಕಂಬಕ್ಕೆ ಕುಂಕುಮ ಹಚ್ಚಿ, ಮಾಲೆ ಕಟ್ಟಿ, ಕಾಯಿ ಒಡೆದು ಆರತಿ ಎತ್ತಿದರು. ಪಕ್ಕದ ತಗಡಿನ ಗುಡಿಸಲಿನಲ್ಲಿ ಚಹಾ ಮಾರುತ್ತಿದ್ದ ಸಖೂಬಾಯಿಯೂ ಬಂದು ಕೈ ಮುಗಿದಳು. ಅಷ್ಟರಲ್ಲಿ ಇನ್ನೊಂದು ಕಾರು ಬಂತು. ಅದರಿಂದ ಪುಣೆಯ ಒಬ್ಬ ಬಂಗಾರದ ವ್ಯಾಪಾರಿ ಇಳಿದರು. ಅವರ ಹೆಂಡತಿಯ ಕೈಯಲ್ಲೂ ಒಂದು ತೆಂಗಿನಕಾಯಿ.

"ಅಹೋ, ಹೀ ಪವನಚಕ್ಕಿ ಆಮಚೀ ಆಹೆ!" ಈ ಗಾಳಿಯಂತ್ರ ನಮ್ಮದು ಎಂದರು ವ್ಯಾಪಾರಿ, ತಮ್ಮ ಮನೆಯ ಮದುವೆಯಲ್ಲಿ ಬೇರೆಯವರು ಅಕ್ಕಿಕಾಳು ಹಾಕಿಸಿಕೊಂಡದ್ದನ್ನು ಕಂಡವರಂತೆ.

ಕಂಬದ ಮೇಲಿನ ನಂಬರು ನೋಡಿದೆವು. ಅವರದೇ. ನಮ್ಮದು ಆಚೆಯ ದಿಬ್ಬದ ಮೇಲೆ, ಅಷ್ಟು ಗಾಳಿಯಲ್ಲೂ ರೆಕ್ಕೆ ಅಲ್ಲಾಡಿಸದೆ ನಿಂತಿತ್ತು. ಶಾಂತಕ್ಕನವರು ಕಣ್ಣಲ್ಲಿ ನೀರು ತುಂಬಿಕೊಂಡು, "ನಮ್ಮದ್ಯಾಕ ತಿರಗವಲ್ದ್ರಿ?" ಎಂದರು.

ಸಮಾಧಾನ ಹೇಳಲು ಹೋದೆ. "ತಿರಗದಿದ್ರೂ ನಡೀತದ್ರಿ ಅಕ್ಕಾವ್ರ. ತೆರಿಗಿ ಉಳಿದದ."

ಅಷ್ಟಿಷ್ಟು ಕನ್ನಡ ಬಲ್ಲ ವ್ಯಾಪಾರಿ ಹೋ ಎಂದು ನಕ್ಕರು. ಸಾವಕಾರರು ನಗಲಿಲ್ಲ; ಬೇರೆಯವರ ಕಂಬದ ಮೇಲಿನ ತಮ್ಮ ಮಾಲೆಯನ್ನೇ ನೋಡುತ್ತಿದ್ದರು. ಸಖೂಬಾಯಿ ಕನ್ನಡ ಬಾರದಿದ್ದರೂ ನಿಂತ ಯಂತ್ರವನ್ನೂ ನಮ್ಮ ಮುಖಗಳನ್ನೂ ನೋಡಿ ಅರ್ಥ ಮಾಡಿಕೊಂಡಳು. ಅದು ಯಾವಾಗಿನಿಂದಲೋ ಕೆಟ್ಟು ನಿಂತಿದೆ, ನಿಮಗೆ ಗೊತ್ತೇ ಇರಲಿಲ್ಲವೇ ಎಂದು ಕೇಳಿದಳು. ಆಗ ನನ್ನ ಕಿವಿ ಬಿಸಿಯಾಯಿತು. ಸರಕಾರ ಹಣ್ಣಿಗೆ ಬಹುಮಾನ ಇಡದೆ ಗಿಡ ನೆಟ್ಟದ್ದಕ್ಕೇ ಇಟ್ಟಿತ್ತು, ನಿಜ. ಆದರೆ ನೀರು ಹಾಕಬೇಡ ಎಂದು ಅದು ನನಗೆ ಹೇಳಿರಲಿಲ್ಲ.

ಮರುದಿನದಿಂದ ಯಂತ್ರದ ಕಂಪನಿಯವರಿಗೆ ಫೋನು ಮಾಡಿ ಮಾಡಿ ಅವರ ಪ್ರಾಣ ತಿಂದೆ. "ಯಾಕ್ರಿ ಇಷ್ಟ ತ್ರಾಸ? ನಮ್ಮ ಕೆಲಸ ಆಗೇದಲ್ಲ" ಎಂದರು ಸಾವಕಾರರು. "ಅಕ್ಕಾವ್ರು ಅತ್ತಿದ್ರಲ್ರಿ" ಎಂದೆ. ಅವರು ಫೋನನ್ನು ನನ್ನ ಕಡೆಗೆ ಸರಿಸಿದರು. ಮಳೆಗಾಲಕ್ಕೆ ಮುಂಚೆ ದುರಸ್ತಿಯಾಯಿತು. ನೋಡಲು ನಾನೇ ಹೋದೆ. ನಮ್ಮ ಯಂತ್ರ ಎಂಥ ಚಂದ ತಿರುಗುತ್ತಿತ್ತೆಂದರೆ, ನಾನೇ ಊದುತ್ತಿದ್ದೇನೋ ಎನ್ನುವಂತೆ ಎದೆಯುಬ್ಬಿಸಿ ಸಖೂಬಾಯಿಯ ಅಂಗಡಿಯಲ್ಲಿ ಕುಳಿತೆ.

ಆಕೆ ಹಗಲಿನಲ್ಲೇ ಚಿಮಣಿ ದೀಪಕ್ಕೆ ಸೀಮೆಎಣ್ಣೆ ತುಂಬುತ್ತಿದ್ದಳು. ಚಹಾ ಕೊಟ್ಟು, "ಸಾಹೇಬ, ಆತಾ ಆಮಚ್ಯಾ ಘರಾತ ಲಾಯಿಟ ಯೇಣಾರ ಕಾ?" ಎಂದು ಕೇಳಿದಳು. ಇನ್ನು ನಮ್ಮ ಮನೆಗೂ ದೀಪ ಬರುತ್ತದಲ್ಲವೇ?

ಆಕೆಯ ತಲೆಯ ಮೇಲೆ ಹಾದುಹೋಗುವ ತಂತಿಯ ವಿದ್ಯುತ್ತು ಕಾಗದದ ಲೆಕ್ಕದಲ್ಲಿ ಬೆಳಗಿಸುವುದು ಚಿಂಚವಾಡದ ನಮ್ಮ ಕಾರಖಾನೆಯನ್ನು. ಈ ಗುಡಿಸಲಿಗೆ ಯಾವ ಯೋಜನೆಯಲ್ಲೂ ಒಂದು ಬಲ್ಬಿಲ್ಲ. ಇದನ್ನು ಹೇಳಲು ಬಾಯಿ ತೆರೆದೆ. ಹೊರಟ ಮಾತೇ ಬೇರೆ. "ಬಾಯಿ, ವಿಷಯ ವಿಚಾರಾಧೀನ ಇದೆ. ನೋಡಿ ತಿಳಿಸುತ್ತೇವೆ" ಎಂದು ಮರಾಠಿಯಲ್ಲಿ ಅಂದುಬಿಟ್ಟೆ.

ಸಖೂಬಾಯಿ ಸೆರಗಿನಿಂದ ಕೈ ಒರೆಸಿಕೊಂಡು ಎದ್ದು ನಿಂತಳು. ನೀವು ಕಾರಖಾನೆಯವರು ಎಂದುಕೊಂಡಿದ್ದೆ, ಸರಕಾರದ ಸಾಹೇಬರೆಂದು ಗೊತ್ತಾಗಲಿಲ್ಲ ಎಂದಳು.