ಹತ್ತರಿಂದ ಹದಿನಾಲ್ಕು ವರ್ಷದವರಿಗೆ ಮಾತ್ರ

ಹೆಣ್ಣುಮಕ್ಕಳ ಆಸ್ತಿ ಹಕ್ಕಿನ ಬಗ್ಗೆ ಮಕ್ಕಳಿಗಾಗಿ ಪುಸ್ತಕ ಬರೆದ ಲೇಖಕಿ ನೀತಾ ಅವರಿಗೆ,

ವಿಷಯ: ತಮ್ಮ ಪುಸ್ತಕವು ವಯೋಮಿತಿ ಮೀರಿ ಓದಿಸಿಕೊಂಡ ಬಗ್ಗೆ ದೂರು.

ಮಾನ್ಯರೇ,

ಆಳಂದ ತಾಲೂಕು ಕಿಣ್ಣಿ ಸುಲ್ತಾನದ ದೌಲತರಾಯನ ಶರಣು ಶರಣಾರ್ಥಿಗಳು. ತಾವು ಸದಾ ಕ್ಷೇಮವಾಗಿರಬೇಕೆಂದೂ, ಆದರೆ ಇನ್ನೊಂದು ಪುಸ್ತಕ ಬರೆಯುವಷ್ಟು ಪುರುಸೊತ್ತು ತಮಗೆ ಸಿಗದಿರಲೆಂದೂ ಮನಸಾರೆ ಹಾರೈಸುತ್ತೇನೆ.

ನಾನು ಪುಸ್ತಕದ ವೈರಿಯಲ್ಲ. ಸಮಾನತೆಯ ವೈರಿಯಂತೂ ಅಲ್ಲವೇ ಅಲ್ಲ. ಪ್ರತಿ ಬಸವ ಜಯಂತಿಗೆ ನಮ್ಮೂರಿನಲ್ಲಿ ಸ್ತ್ರೀ ಸಮಾನತೆಯ ಬಗ್ಗೆ ನಲವತ್ತು ನಿಮಿಷ ಭಾಷಣ ಮಾಡುವವನು ನಾನೇ; ಮೈಕಿನವನು ಕೈಸನ್ನೆ ಮಾಡದಿದ್ದರೆ ಒಂದು ತಾಸಿಗೆ ಮೋಸವಿಲ್ಲ. ತಮ್ಮ ಪುಸ್ತಕ ಕೊಂಡವನೂ ನಾನೇ. ಕಡಗಂಚಿಯಲ್ಲಿ ಯಾರೋ ಟೇಬಲ್ಲಿನ ಮೇಲೆ ಹರವಿಕೊಂಡು ಮಾರುತ್ತಿದ್ದರು. ಮುಖಪುಟದಲ್ಲಿ ಹುಡುಗಿಯೊಬ್ಬಳು ಸೈಕಲ್ ಹೊಡೆಯುತ್ತಿದ್ದುದನ್ನು ನೋಡಿ, ಸೈಕಲ್ ಕಲಿಸುವ ಪುಸ್ತಕವಿರಬೇಕೆಂದು ನಂಬಿ, ಹನ್ನೆರಡು ವರ್ಷದ ಮೊಮ್ಮಗಳು ಭುವನೇಶ್ವರಿಗೆ ತಂದುಕೊಟ್ಟೆ. ಹಿಂಬದಿಯಲ್ಲಿ 'ಹತ್ತರಿಂದ ಹದಿನಾಲ್ಕು ವರ್ಷದವರಿಗೆ' ಎಂದು ಕೆಂಪಕ್ಷರದಲ್ಲಿ ಅಚ್ಚಾಗಿತ್ತು. ಅರವತ್ತೈದು ವರ್ಷದವರು ಕೈ ಹಚ್ಚಿದರೆ ಏನಾಗುತ್ತದೆಂಬ ಎಚ್ಚರಿಕೆ ಮಾತ್ರ ಎಲ್ಲಿಯೂ ಇರಲಿಲ್ಲ. ಕೆಮ್ಮಿನ ಔಷಧದ ಬಾಟಲಿಯ ಮೇಲೆ ಇರುವಷ್ಟಾದರೂ ಬೇಡವೇ?

ನಮ್ಮ ಕಡೆಯ ಪದ್ಧತಿಯನ್ನು ತಮಗೆ ತಿಳಿಸಬೇಕು. ತಂದೆ ತೀರಿದ ಮೇಲೆ ಹೊಲ ಪೂರ್ತಿಯಾಗಿ ಗಂಡುಮಕ್ಕಳ ಹೆಸರಿಗೆ ಆಗಬೇಕಾದರೆ, ಕೊಟ್ಟ ಮನೆಗೆ ಹೋದ ಅಕ್ಕತಂಗಿಯರು 'ನನ್ನ ಪಾಲು ನನಗೆ ಬೇಡ' ಎಂಬ ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಬೇಕು. ಇದಕ್ಕೆ ನಾಗರ ಪಂಚಮಿಯಷ್ಟು ಅನುಕೂಲದ ಹಬ್ಬ ಇನ್ನೊಂದಿಲ್ಲ. ಅಕ್ಕ ತವರಿಗೆ ಬರುತ್ತಾಳೆ, ಉಂಡಿ ತಿನ್ನುತ್ತಾಳೆ, ಜೋಕಾಲಿ ಆಡುತ್ತಾಳೆ, ಉಡಿ ತುಂಬಿಸಿಕೊಂಡು, ಹೊಸ ಸೀರೆ ಉಟ್ಟು, ಆಳಂದದ ನೋಂದಣಿ ಕಚೇರಿಗೆ ಬಂದು ಸಹಿ ಹಾಕಿ, ಕಣ್ಣೊರೆಸಿಕೊಳ್ಳುತ್ತ ಬಸ್ಸು ಹತ್ತುತ್ತಾಳೆ. ಆ ಕಣ್ಣೀರು ತವರು ಬಿಟ್ಟು ಹೋಗುವುದಕ್ಕೆ ಎಂದೇ ನಾವೆಲ್ಲ ತಿಳಿದುಕೊಂಡಿದ್ದೇವೆ.

ಅದರಂತೆ ಈ ಪಂಚಮಿಗೆ ಜೇವರ್ಗಿಯಿಂದ ಅರವತ್ತೈದರ ನನ್ನ ಅಕ್ಕ ಬಸವೇಶ್ವರಿ ಬಂದಳು. ಅಪ್ಪ ಬಿಟ್ಟುಹೋದದ್ದು ಹದಿನಾರು ಎಕರೆ ತೊಗರಿ ಹೊಲ, ನಾವಿಬ್ಬರೇ ಮಕ್ಕಳು. ನಾನು ಸೀರೆ ತಂದಿಟ್ಟಿದ್ದೆ, ಪತ್ರವನ್ನೂ ಬರೆಸಿಟ್ಟಿದ್ದೆ. ಬೆಳಗಾದರೆ ಹೊರಡುವುದು, ಅಷ್ಟರಲ್ಲಿ ಮೊಮ್ಮಗಳು ಜೋಕಾಲಿಯ ಮೇಲೆ ಕುಳಿತು, ಮಗಳಿಗೂ ಸಮಪಾಲು ಎಂಬ ತಮ್ಮ ಮೂರನೆಯ ಅಧ್ಯಾಯವನ್ನು ಗಟ್ಟಿಯಾಗಿ ಓದಿಬಿಟ್ಟಳು. ಅಕ್ಕ ಕೈಯಲ್ಲಿದ್ದ ಉಂಡಿಯನ್ನು ತಾಟಿನಲ್ಲಿಟ್ಟು, "ಅದನ್ನ ಇಲ್ಲಿ ತಾ ಬೇ" ಎಂದಳು.

ಅದು ಸಣ್ಣ ಹುಡುಗರ ಪುಸ್ತಕವೆಂದು ನಾನು ತಮ್ಮ ಕೆಂಪಕ್ಷರಗಳನ್ನೇ ತೋರಿಸಿ ತಡೆದೆ. ಅಕ್ಕ ಅವುಗಳ ಮೇಲೆ ಬೆರಳಿಟ್ಟು ಓದಿ, "ಖರೇ ಅದ ನೋಡು ತಮ್ಮಾ. ನನಗ ಸಾಲಿ ಬಿಡಿಸಿದ್ದೂ ಹತ್ತನೇ ವರ್ಷಕ್ಕ. ನಿನ್ನ ಬಗಲಾಗ ಎತ್ಕೊಂಡು ಅಡ್ಡಾಡಾಕ ಮನಿಯಾಗ ಮತ್ತ್ಯಾರೂ ಇದ್ದಿಲ್ಲ. ಬಿಟ್ಟಲ್ಲಿಂದ್ಲೇ ಶುರು ಮಾಡ್ತೇನಿ" ಎಂದಳು. ಆಗ ನನಗೆ ಮೂರು ವರ್ಷವಂತೆ. ಅಲ್ಲವೆಂದು ವಾದಿಸಲು ನನಗೆ ಅದೊಂದೂ ನೆನಪಿಲ್ಲ.

ಪುಸ್ತಕ ಮುಗಿದ ಮೇಲೆಯೇ ಸಹಿ ಎಂದು ಕರಾರಾಯಿತು. ಮಾನ್ಯರೇ, ತಮ್ಮ ಪುಸ್ತಕಕ್ಕೆ ಅರವತ್ನಾಲ್ಕು ಪುಟ. ಅಕ್ಕ ಸಾಲಿನ ಕೆಳಗೆ ಬೆರಳಾಡಿಸುತ್ತ ದಿನಕ್ಕೆ ಮೂರು ಪುಟ ಓದುತ್ತಾಳೆ. ಇಷ್ಟವಾದ ಪುಟವಿದ್ದರೆ ಮರುದಿನ ಅದನ್ನೇ ಮತ್ತೊಮ್ಮೆ. ಪಂಚಮಿಗೆ ಬಂದವಳು ಗಣೇಶನ ಹಬ್ಬದ ಕಡುಬನ್ನೂ ಇಲ್ಲಿಯೇ ಉಂಡಳು. ಮೂವತ್ತೊಂದನೆಯ ಪುಟದಲ್ಲಿ ಅಣ್ಣತಂಗಿಯರ ನಡುವೆ ಒಂದು ರೊಟ್ಟಿಯನ್ನು ಸಮನಾಗಿ ಮುರಿದ ಚಿತ್ರ ಹಾಕಿದ್ದೀರಿ. ಅಂದಿನಿಂದ ಅಕ್ಕ ಊಟಕ್ಕೆ ಕುಳಿತಾಗಲೆಲ್ಲ ರೊಟ್ಟಿಯನ್ನು ಎರಡು ಮಾಡಿ, ಅರ್ಧವನ್ನು ನನ್ನ ತಾಟಿಗೆ ಹಾಕಿ, ಪಲ್ಯ ಕಲಸಿಕೊಳ್ಳತೊಡಗಿದಳು. ಆ ಅರ್ಧ ರೊಟ್ಟಿಯನ್ನು ನಾನು ದಿನಾ ತಲೆ ತಗ್ಗಿಸಿ ತಿಂದೆ. ನನ್ನ ಭಾಷಣದ ಮಾತೂ ಬಂತು: "ನೀ ಹೇಳೂದೇ ಇದರಾಗೂ ಅದ ತಮ್ಮಾ. ಆದ್ರ ಇದು ತಿಳೀತದ."

ಆದ್ದರಿಂದ ಮುಂದಿನ ಮುದ್ರಣದಲ್ಲಿ ತಾವು ದಯಮಾಡಿ ವಾಕ್ಯಗಳನ್ನು ಉದ್ದ ಮಾಡಬೇಕು, ಯಾರಿಗೂ ಅರ್ಥವಾಗದ ನಾಲ್ಕು ಶಬ್ದಗಳನ್ನು ಪ್ರತಿ ಪುಟದಲ್ಲಿ ಸೇರಿಸಬೇಕು, ರೊಟ್ಟಿಯ ಜಾಗದಲ್ಲಿ ನವಿಲಿನ ಚಿತ್ರ ಹಾಕಬೇಕು, ಸಾಧ್ಯವಾದರೆ ಹದಿನೈದನೆಯ ವರ್ಷ ತುಂಬಿದವರ ಕೈಯಲ್ಲಿ ಪುಟಗಳು ತಾವಾಗಿಯೇ ಅಂಟಿಕೊಳ್ಳುವಂಥ ಕಾಗದ ಬಳಸಬೇಕು. ಇಷ್ಟು ಗಂಭೀರ ವಿಷಯವನ್ನು ಇಷ್ಟು ಚೆನ್ನಾಗಿ ತಿಳಿಯುವ ಹಾಗೆ ಬರೆಯುವುದು ಜವಾಬ್ದಾರಿಯುತ ಲೇಖಕರ ಲಕ್ಷಣವಲ್ಲ.

ಕೊನೆಗೂ ಪುಸ್ತಕ ಮುಗಿಯಿತು. ಅಕ್ಕ ಮಾತಿಗೆ ತಪ್ಪದೆ ಹೊಸ ಸೀರೆ ಉಟ್ಟು ಆಳಂದಕ್ಕೆ ಬಂದಳು. ಕಚೇರಿಯ ಮುಂದೆ ಕುಳಿತು ಪತ್ರ ಬರೆದುಕೊಡುವ ಗೌಸಮೊಹಿದ್ದೀನ ಸಹಿಯ ಜಾಗ ತೋರಿಸಿ ಪೆನ್ನು ಕೊಟ್ಟ. ಅಕ್ಕ ಪೆನ್ನು ಹಿಡಿದು, ಮೂಗಿನ ಮೇಲೆ ಚಾಳೀಸು ಏರಿಸಿ, ಮೊದಲ ಸಾಲಿನಿಂದ ಬೆರಳಿಟ್ಟು ಓದತೊಡಗಿದಳು, ಅದೂ ಗಟ್ಟಿಯಾಗಿ. ಸುತ್ತ ಜನ ನಿಂತರು. 'ಯಾರ ಒತ್ತಾಯವೂ ಇಲ್ಲದೆ, ನನ್ನ ಸ್ವಂತ ಇಚ್ಛೆಯಿಂದ' ಎಂಬಲ್ಲಿಗೆ ಬಂದು ಬೆರಳು ನಿಂತಿತು.

"ಇದನ್ನ ಹೇಳಿ ಬರೆಸಿದವರು ಯಾರು? ನಾ ಅಂತೂ ಹೇಳಿಲ್ಲ."

ಗೌಸಮೊಹಿದ್ದೀನ ನನ್ನ ಮುಖ ನೋಡಿದ. "ಸಾಹುಕಾರ್ರ, ಮೂವತ್ತು ವರ್ಷ ಆತು, ಈ ಸಾಲು ಯಾರೂ ಓದೇ ಇಲ್ರಿ" ಎಂದು ನಗು ತಡೆಯಲಾರದೆ ಆ ಕಡೆ ತಿರುಗಿದ. ಅಕ್ಕ ಪೆನ್ನಿನ ಕ್ಯಾಪು ಹಾಕಿ ಅವನಿಗೆ ವಾಪಸು ಕೊಟ್ಟಳು. ಸೀರೆಯನ್ನೂ ವಾಪಸು ಕೊಡುವಳೇನೋ ಎಂದು ನಾನು ನೋಡಿದೆ. "ಸೀರಿ ತಮ್ಮ ಕೊಟ್ಟದ್ದು, ಹೊಲ ಅಪ್ಪ ಬಿಟ್ಟದ್ದು. ಅದಕ್ಕೂ ಇದಕ್ಕೂ ಏನ್ ಸಂಬಂಧ?" ಎಂದಳು.

ಇಲ್ಲಿಯವರೆಗಿನದನ್ನು ನಾನು ತಡೆದುಕೊಂಡೇನು. ನನ್ನ ಮುಖ್ಯ ದೂರು ಮುಂದಿನದು. ಜೇವರ್ಗಿಯ ಬಸ್ಸು ಹತ್ತಿ ಕುಳಿತ ಅಕ್ಕ ಕಿಟಕಿಯಿಂದ ನನ್ನ ಕೈ ಹಿಡಿದುಕೊಂಡು, "ಪಾಲು ಕೇಳಿದ ಅಕ್ಕನ್ನ ಬರೋ ಪಂಚಮಿಗಿ ಕರೀತಿ ಇಲ್ಲೋ ತಮ್ಮಾ?" ಎಂದು ಕೇಳಿದಳು. ಅಷ್ಟು ಹೊತ್ತು ಹುಲಿಯಂತಿದ್ದವಳು ಹಿಡಿದ ಕೈ ಬಿಡಲೇ ಇಲ್ಲ. ನಮ್ಮ ಕಡೆ ಪಾಲು ಕೇಳಿದವರಿಗೆ ತವರಿನ ಬಾಗಿಲು ಮುಚ್ಚುತ್ತದೆ, ಅದು ಅವಳಿಗೂ ಗೊತ್ತು, ನನಗೂ ಗೊತ್ತು. ನಾನು ಬಾಯಿ ತೆರೆಯುವಷ್ಟರಲ್ಲಿ ಬಸ್ಸು ಹೊರಟಿತು. ನಿಜ ಹೇಳಬೇಕೆಂದರೆ ಬಸ್ಸು ಇನ್ನೂ ಐದು ನಿಮಿಷ ನಿಂತಿತ್ತು, ನನಗೇ ಬಾಯಿ ಬರಲಿಲ್ಲ. ನನಗೆ ಬಹಳ ನಾಚಿಕೆಯಾಯಿತು. ಅರವತ್ನಾಲ್ಕು ಪುಟ ಬರೆದ ತಾವು, ಇಂಥ ಹೊತ್ತಿನಲ್ಲಿ ತಮ್ಮನಾದವನು ಏನು ಹೇಳಬೇಕೆಂದು ಒಂದು ಸಾಲನ್ನೂ ಬರೆದಿಲ್ಲ. ಅರವತ್ತೈದನೆಯ ಪುಟವನ್ನು ಕೂಡಲೇ ಸೇರಿಸಬೇಕಾಗಿ ವಿನಂತಿ. ವಯೋಮಿತಿಯ ಜಾಗದಲ್ಲಿ ನನ್ನ ವಯಸ್ಸು, ಐವತ್ತೆಂಟು ಎಂದು ಹಾಕಿದರೆ ಉಪಕಾರವಾಗುತ್ತದೆ.

ತಮ್ಮ ಸರಳ ಶೈಲಿಗೆ ಎಂಟು ಎಕರೆ ತೆತ್ತ,
ತಮ್ಮ ವಿಶ್ವಾಸಿ,
ದೌಲತರಾಯ

ತಾ.ಕ.: ಮೇಲಿನ ದೂರಿನ ಜೊತೆಗೇ ತಮ್ಮ ಪುಸ್ತಕದ ಇನ್ನೊಂದು ಪ್ರತಿ ಕಳಿಸಬೇಕೆಂದೂ ಬರೆಯುವವನಿದ್ದೆ. ನನ್ನ ಹೆಂಡತಿ ಸುಮಿತ್ರಾಬಾಯಿಯ ತವರು ಅಫಜಲಪುರ, ಭೀಮಾ ದಂಡೆಯ ಕಬ್ಬಿನ ಹೊಲ. ದೀಪಾವಳಿಗೆ ಬಂದು ಸಹಿ ಮಾಡು ಎಂದು ಅವಳ ಅಣ್ಣಂದಿರು ಕರೆ ಕಳಿಸಿದ್ದಾರೆ. ಈ ಪ್ರಕರಣದಲ್ಲಿ ತಮ್ಮ ಪುಸ್ತಕದ ಪ್ರತಿಯೊಂದು ಮಾತೂ ನನಗೆ ನೂರಕ್ಕೆ ನೂರು ಸರಿಯೆನಿಸಿತ್ತು. ಆದರೆ ಅವಳು ಆಗಲೇ ಓದಿ ಮುಗಿಸಿದ್ದಾಳಂತೆ. "ನಲವತ್ತಾರನೇ ಪುಟ ನೋಡ್ರಿ. ಹೊಲ ಬಂದ್ರ ನನ್ನ ಹೆಸರಿಗಿ ಬರ್ತದ, ನಿಮ್ಮ ಹೆಸರಿಗಲ್ಲ. ಮೊದ್ಲ ಅಕ್ಕಗ ಫೋನ್ ಹಚ್ಚಿ ಪಂಚಮಿಗಿ ಬಾ ಅನ್ರಿ" ಎಂದಳು. ಫೋನ್ ಹಚ್ಚಿ ಹೇಳಿದೆ. ಅಕ್ಕ ಮೂಗೊರೆಸಿಕೊಂಡು, ಬರುತ್ತೇನೆ ಎಂದಳು. ಹದಿನಾಲ್ಕು ದಾಟಿದವರಿಗೂ ಆ ಲೇಖಕಿ ಏನಾದರೂ ಬರೆದಿದ್ದಾರೇನು, ಅವರನ್ನೇ ಕೇಳು ಎಂದೂ ಹೇಳಿದಳು. ಇಗೋ, ಕೇಳಿದ್ದೇನೆ. ಇಲ್ಲವೆಂದು ಬರೆಯಿರಿ, ಪುಣ್ಯ ಬರುತ್ತದೆ.