ಮಂಟಯ್ಯ ಹಾಕಿದ ಗಂಟು

ದ್ರಾಕ್ಷಿ ಗೊಂಚಲುಗಳಲ್ಲಿ ಅರ್ಧ ಕಿತ್ತೆಸೆದರೆ ಉಳಿದರ್ಧ ಸಿಹಿಯಾಗುತ್ತದೆ, ವೈನು ರುಚಿಯಾಗುತ್ತದೆ ಎಂದು ವೈನ್ ಕಂಪನಿಯ ಸಾಹೇಬರು ಹೇಳಿದ್ದೇ ಎಲ್ಲಕ್ಕೂ ಮೂಲ. "ಸೋಮವಾರ ಸಂಜೆ ಬಂದು ನೋಡ್ತೀನಿ. ಕಿತ್ತಿದ್ರೆ ಬೆಳೆಯೆಲ್ಲ ನನಗೆ. ಇಲ್ದಿದ್ರೆ ಒಂದು ಕಾಯೂ ಬೇಡ" ಎಂದಿದ್ದರು. ಭೇರ್ಯದಂಥ ಹಳ್ಳಿಯಲ್ಲಿ ದ್ರಾಕ್ಷಿ ಕೊಳ್ಳುವವರು ಬೇರೆ ಯಾರಿದ್ದರು?

ಸೋಮವಾರ ಬೆಳಿಗ್ಗೆಯೇ ಬೆಟ್ಟಸ್ವಾಮಿ ಹತ್ತು ಬಳ್ಳಿಯ ಚಪ್ಪರದಿಂದ ಅರ್ಧ ಗೊಂಚಲು ಕತ್ತರಿಸಿ ಕೆಳಗಿಳಿಸಿದ. ಪಕ್ಕದ ಹೊಲದ ಮಂಟಯ್ಯ ಬೇಲಿ ಹಾರಿ ಬಂದ.

"ಥೂ, ನಿನ್ ಕೈ ಸೇದೋಗ! ನಿಮ್ಮವ್ವ ಇವತ್ತು ಬತ್ತಾವ್ಳಲ್ಲೋ! ಇದ ನೋಡುದ್ರೆ ಎದೆ ಒಡ್ಕೊಂಡು ಸಾಯ್ತಾಳೆ ಕಣ್ಲಾ!"

ಮಗಳ ಬಾಣಂತನ ಮುಗಿಸಿ ಹನ್ನೊಂದರ ಬಸ್ಸಿಗೆ ಬರುವವಳಿದ್ದಳು ಮಲ್ಲಾಜಮ್ಮ. ಆ ಬಳ್ಳಿಗಳಿಗೆ ಬಿಂದಿಗೆ ಹೊತ್ತು ನೀರು ಹುಯ್ದವಳು ಅವಳೇ. ಬೆಟ್ಟಸ್ವಾಮಿ ಕತ್ತರಿ ಬಿಸಾಕಿದ.

"ಬಾಳೆನಾರು ತತ್ತಾ. ಕಿತ್ತಿದ್ನೆಲ್ಲ ಮತ್ತೆ ಕಟ್ಬುಡನ. ಅವ್ವ ನೋಡಿ, ಉಂಡು ಮಲಿಕತಾಳೆ. ಸಾಹೇಬ ಬರೋದ್ರೊಳ್ಗೆ ಬಿಚ್ಚಿದ್ರಾಯ್ತು" ಎಂದ ಮಂಟಯ್ಯ.

ಬೆಟ್ಟಸ್ವಾಮಿಗೆ ಸ್ವಂತ ಬುದ್ಧಿ ಇದ್ದಿದ್ದರೆ ಈ ಕತೆಯೇ ಇರುತ್ತಿರಲಿಲ್ಲ. ಇಬ್ಬರೂ ಕಟ್ಟಿದರು. ಮಂಟಯ್ಯನಂತೂ ಗೊಂಚಲೆಲ್ಲಿ ಓಡಿಹೋಗುತ್ತದೋ ಎಂಬಂತೆ ಹೋರಿ ಕಟ್ಟುವ ಗಂಟನ್ನೇ ಬಿಗಿದ.

ಮಲ್ಲಾಜಮ್ಮ ಬಂದು ಚಪ್ಪರದಡಿ ನಿಂತಳು. ಅವಳ ಹಿಂದೆಯೇ ಧೂಳೆಬ್ಬಿಸುತ್ತಾ, ಸಂಜೆ ಬರಬೇಕಿದ್ದ ಸಾಹೇಬರ ಜೀಪೂ ಬಂದು ನಿಂತಿತು.

"ಏನ್ರೀ ಇದು? ಒಂದೂ ಕಿತ್ತಿಲ್ಲ! ನನಗೆ ಬೇಡ ನಿಮ್ಮ ಬೆಳೆ" ಎಂದರು ಸಾಹೇಬರು.

ಬೆಟ್ಟಸ್ವಾಮಿಯ ಮುಖ ಅರೆಬೆಂದ ಮುದ್ದೆಯಂತಾಯಿತು. "ಕಿತ್ತಿದ್ದೆ ಸ್ವಾಮಿ! ಆಮೇಲೆ ಕಟ್ದೆ!"

"ಕಟ್ಟಿದ್ರಾ? ಯಾಕೆ?"

"ನಮ್ಮವ್ವ ಅಳ್ತಾಳೆ ಅಂತ!"

ಮಲ್ಲಾಜಮ್ಮ ಸೊಂಟದ ಮೇಲೆ ಕೈಯಿಟ್ಟಳು. "ನಾನ್ಯಾಕ್ಲಾ ಅಳ್ಲಿ? ರಾಗಿ ಪೈರು ಒತ್ತಾದ್ರೆ ಕೀಳಾಕಿಲ್ವಾ? ಇದೂ ಅಂಗೇಯ. ಕೀಳ್ಲಾ ಬೇಗ, ಸಾಹೇಬ್ರು ಕಾಯ್ತಾವ್ರೆ!"

ಕೀಳುವುದು ಯಾವುದನ್ನು? ಎಲೆಯ ಮರೆಯಲ್ಲಿ ಎಲ್ಲವೂ ಒಂದೇ ಥರ. ಬೆಟ್ಟಸ್ವಾಮಿ ಒಂದನ್ನು ಮುಟ್ಟಿದ, ಬಿಟ್ಟ, ಇನ್ನೊಂದನ್ನು ಮುಟ್ಟಿದ.

"ಅಷ್ಟೂ ಗೊತ್ತಾಗಾಕಿಲ್ವಾ?" ಮಂಟಯ್ಯ ರೇಗಿದ. "ಎಳುದ್ರೆ ಬರೋದು ನಾವು ಕಟ್ಟಿದ್ದು. ಬರ್ದೆ ಇರೋದು ಬಳ್ಳೀದು. ಎಳಿ!"

ಮೂವರೂ ಬಿದ್ದು ಎಳೆದರು. ಬಂದದ್ದು ಬಂತು, ಬಾರದ್ದು ಉಳಿಯಿತು.

"ಈಗ ಸರಿ! ಉಳಿದದ್ದೆಲ್ಲ ನನಗೇ" ಎಂದು ಸಾಹೇಬರು ಕೈಕುಲುಕಿ ಜೀಪು ಹತ್ತಿದರು.

ಬೆಟ್ಟಸ್ವಾಮಿ ಉಸಿರು ಬಿಟ್ಟ. ಮಲ್ಲಾಜಮ್ಮ ಉಳಿದ ಗೊಂಚಲೊಂದನ್ನು ಸವರಿದಳು. ಪಕ್ಕದ್ದನ್ನು ನೋಡಿದಳು, ಅದರ ಪಕ್ಕದ್ದನ್ನೂ ನೋಡಿದಳು. ಮಂಟಯ್ಯ ಬೇಲಿಯ ಕಡೆ ಮೆಲ್ಲಗೆ ಹೆಜ್ಜೆ ಹಾಕಿದ.

"ಲೇ ಬೆಟ್ಟ, ಉಳ್ದಿರೋವ್ಕೆಲ್ಲ ಯಾಕ್ಲಾ ಉಡದಾರ ಕಟ್ಟಿದ್ದೀಯಾ?"